ಉಂಗುರಕ್ಕಿಂತ ಮೊದಲು ರಕ್ತಕಣವನ್ನು ನೋಡುವುದು

ಸಾಗರ ಸೀಮೆಯಲ್ಲಿ ಜ್ವರ ಎಂದರೆ ಈಗ ಮೊದಲು ನೆನಪಾಗುವುದು ಡೆಂಗಿ, ಇಲಿಜ್ವರ, ಬೇಸಿಗೆಯಾದರೆ ಮಂಗನ ಕಾಯಿಲೆ. ಒಂದು ಕಾಲಕ್ಕೆ ಮಲೆನಾಡನ್ನು ಹಣ್ಣುಗಾಯಿ ಮಾಡಿದ್ದ ಮಲೇರಿಯಾ ಹಿಂದಿನ ಸಾಲಿಗೆ ಸರಿದಿದೆ. ನನ್ನ ಸೂಕ್ಷ್ಮದರ್ಶಕದಡಿ ಬರುವ ಮಲೇರಿಯಾ ಸ್ಲೈಡುಗಳಲ್ಲಿ ಹೆಚ್ಚಿನವು ಕರಾವಳಿಯ ಕಟ್ಟಡ ಕೆಲಸಕ್ಕೆ ಹೋಗಿ ಮರಳಿದವರವು. ಅಪರೂಪವಾದಷ್ಟೂ ಕಣ್ಣಿನ ಪಳಗು ತಪ್ಪುತ್ತದೆ. ಹಾಗಾಗಿ ಎಳೆಯದಿದ್ದಾಗ ಉಂಗುರದಂತೆ ಕಾಣುವ ರೋಗಾಣುವಿನ ಜೊತೆಗೆ ಅದು ಹೊಕ್ಕ ಕೆಂಪು ರಕ್ತಕಣವನ್ನೂ ಓದುವ ಅಭ್ಯಾಸ ಮಾಡಿಕೊಂಡೆ.

ಈ ಅಭ್ಯಾಸದ ಬೇರು ನಾನು ರಕ್ತನಿಧಿಯಲ್ಲಿದ್ದ ದಿನಗಳಲ್ಲಿದೆ. ಅಲ್ಲಿ ಕೆಂಪು ರಕ್ತಕಣದ ಮೇಲಿನ 'ಡಫಿ' ಎಂಬ ಪ್ರೋಟೀನ್ ಎಂದರೆ ತಲೆನೋವು. ಪದೇ ಪದೇ ರಕ್ತ ಪಡೆದವರಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿಕೊಂಡರೆ, ಎ-ಬಿ-ಓ ಗುಂಪು ಸರಿಯಿದ್ದರೂ ರಕ್ತ ಹೊಂದುವುದಿಲ್ಲ. ಕಣದ ಪೊರೆಯ ಮೇಲಿರುವ ಇದೇ ಪ್ರೋಟೀನನ್ನು ಹಿಡಿದು, ಮಲೇರಿಯಾ ರೋಗಾಣುಗಳಲ್ಲಿ ಒಂದು ಬಗೆಯಾದ ವೈವ್ಯಾಕ್ಸ್ ಒಳನುಗ್ಗುತ್ತದೆ. ಡಫಿ ಇಲ್ಲದವರಿಗೆ ವೈವ್ಯಾಕ್ಸ್ ತಗಲುವುದಿಲ್ಲವೆಂದು 1976ರಲ್ಲಿ ಲೂಯಿ ಮಿಲ್ಲರ್ ತಂಡ ತೋರಿಸಿತು. ಪಶ್ಚಿಮ ಆಫ್ರಿಕದ ಬಹುತೇಕರಲ್ಲಿ ಡಫಿ ಇರುವುದಿಲ್ಲ. ಮುಂದೆ ಮಡಗಾಸ್ಕರ್, ಇಥಿಯೋಪಿಯಗಳಲ್ಲಿ ಡಫಿ ಇಲ್ಲದವರಲ್ಲೂ ವೈವ್ಯಾಕ್ಸ್ ಸಿಕ್ಕಿತು. ರೋಗಾಣುವಿಗೆ ನಮ್ಮ ಪಠ್ಯಪುಸ್ತಕದ ಹಂಗಿಲ್ಲ. ಅದೇನೇ ಇರಲಿ, ನಮ್ಮಲ್ಲಿ ಹೆಚ್ಚಿನವರಿಗೆ ಆ ರಕ್ಷಣೆಯೂ ಇಲ್ಲ.

ವೈವ್ಯಾಕ್ಸ್ ಎಳೆಯ ರಕ್ತಕಣಗಳನ್ನೇ ಆರಿಸಿಕೊಳ್ಳುತ್ತದೆ. ಎಳೆಯ ಕಣದ ಪೊರೆಯಲ್ಲಿ ಮಾತ್ರ ಉಳಿದಿರುವ ಟ್ರಾನ್ಸ್‌ಫೆರಿನ್ ಗ್ರಾಹಕವನ್ನೂ ಅದು ಹಿಡಿಯುತ್ತದೆ ಎಂಬುದು 2018ರಲ್ಲಿ ಪ್ರಕಟವಾಯಿತು. ಮಲೇರಿಯಾದ ಇನ್ನೊಂದು ರೋಗಾಣು ಫಾಲ್ಸಿಪೇರಂಗೆ ಇಂಥ ಮಡಿವಂತಿಕೆಯಿಲ್ಲ. ಅದು ಪೊರೆಯ ಮೇಲಿನ ಗ್ಲೈಕೋಫೋರಿನ್ ಎಂಬ ಪ್ರೋಟೀನುಗಳನ್ನು ಬಳಸುತ್ತದೆ, ಒಂದು ತಪ್ಪಿದರೆ ಇನ್ನೊಂದು. ಬಾಸಿಜಿನ್ ಎಂಬ ಪ್ರೋಟೀನು ಮಾತ್ರ ಬೇಕೇ ಬೇಕು ಎಂದು 2011ರಲ್ಲಿ ತಿಳಿಯಿತು. ಎಳೆಯದು, ಬಲಿತದ್ದು ಎಂದು ನೋಡದೆ ಹೊಕ್ಕುವುದರಿಂದಲೇ ಅದರ ಸಂಖ್ಯೆ ಬೇಗ ಏರುತ್ತದೆ.

ಕೆಲಸ ಕಲಿಯಲು ಬಂದ ಹುಡುಗಿ, "ಮೇಡಂ, ಉಂಗುರ ಕಾಣಿಸಿತು" ಎಂದಾಗ ನಾನು ಕೇಳುವುದು ಒಂದೇ: "ಪಕ್ಕದ ಕಣಕ್ಕಿಂತ ಆ ಕಣ ದೊಡ್ಡದಿದೆಯೇನಮ್ಮ?" ರೋಗಾಣು ಬೆಳೆದಂತೆ ಕಣ ಉಬ್ಬಿ, ಮೈಮೇಲೆ ನಸುಗೆಂಪು ಚುಕ್ಕೆಗಳೆದ್ದಿದ್ದರೆ ವೈವ್ಯಾಕ್ಸ್. ಷಫ್ನರ್ ಚುಕ್ಕೆ ಎಂದು ಕರೆಯುವ ಇವು ಪೊರೆಯಲ್ಲಿ ರೋಗಾಣು ಮಾಡಿದ ಗುಳಿಗಳ ಗುರುತು. ಕಣ ಉಬ್ಬದೆ, ಒಂದರಲ್ಲೇ ಎರಡು ಮೂರು ಸಣ್ಣ ಉಂಗುರಗಳಿದ್ದರೆ ನನ್ನ ಅನುಮಾನ ಫಾಲ್ಸಿಪೇರಂ ಕಡೆಗೆ. ಇದೆಲ್ಲ ಸ್ಲೈಡಿನ ಮೇಲೆ ರಕ್ತವನ್ನು ತೆಳ್ಳಗೆ ಸವರಿದ ತೆಳು ಲೇಪದಲ್ಲಿ ಮಾತ್ರ ಸಾಧ್ಯ. ದಪ್ಪ ಲೇಪದಲ್ಲಿ ರೋಗಾಣು ಬೇಗ ಸಿಗುತ್ತದೆ, ಆದರೆ ಕಣಗಳೇ ಒಡೆದುಹೋಗಿರುತ್ತವೆ.

ನಮ್ಮ ಮಳೆಗಾಲ ಈ ಓದಿಗೆ ದೊಡ್ಡ ಶತ್ರು. ಬಣ್ಣ ಹಾಕುವ ಮೊದಲು ಕಣಗಳನ್ನು ಸ್ಲೈಡಿಗೆ ಕಚ್ಚಿಸಲು ಬಳಸುವ ಮೆಥನಾಲ್ ಗಾಳಿಯ ತೇವ ಹೀರಿಕೊಂಡರೆ ಕಣಗಳ ಮೈಯಲ್ಲಿ ಹುಳ ತಿಂದಂಥ ಹೊಳೆಯುವ ತೂತುಗಳು ಬೀಳುತ್ತವೆ. ಹೊಸಬರು ಅವನ್ನೇ ಉಂಗುರ ಎನ್ನುತ್ತಾರೆ. ಅದಕ್ಕೆ ಜೂನ್‌ನಿಂದ ಸಣ್ಣ ಬಾಟಲಿಯಲ್ಲಿ ಬೇಕಾದಷ್ಟೇ ತೆಗೆದಿಟ್ಟುಕೊಂಡು, ಮುಚ್ಚಳ ಬಿಗಿದು ಬಳಸುತ್ತೇನೆ. ಲೇಪ ಪೂರ್ತಿ ಒಣಗುವ ಮೊದಲು ಮೆಥನಾಲ್ ಮುಟ್ಟಿಸುವುದಿಲ್ಲ, ಹೊರಗೆ ಎಷ್ಟೇ ಜನ ಕಾದಿರಲಿ. ಜಿಯೆಮ್ಸಾ ಬಣ್ಣದ ನೀರಿನ ಪಿಎಚ್ 7.2 ಇರಬೇಕು. ಆಮ್ಲೀಯವಾದರೆ ಷಫ್ನರ್ ಚುಕ್ಕೆಗಳು ಕಾಣುವುದೇ ಇಲ್ಲ.

ಫಾಲ್ಸಿಪೇರಂ ವರದಿ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಒಳಹೊಕ್ಕ ಮೇಲೆ ಅದು ತನ್ನದೇ ಪ್ರೋಟೀನನ್ನು ಕಣದ ಹೊರಮೈಗೆ ತಂದು, ಪೊರೆಯಲ್ಲಿ ಸಣ್ಣ ಗುಬುಟುಗಳನ್ನು ಎಬ್ಬಿಸುತ್ತದೆ. ಆ ಪ್ರೋಟೀನಿನಿಂದ ಕಣ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತದೆ. ರೋಗಾಣುವಿನ ಬಲಿತ ಹಂತಗಳು ಮಿದುಳಿನಲ್ಲೋ ಬಸುರಿಯ ಮಾಸಿನಲ್ಲೋ ಅಡಗಿ ಕುಳಿತಿದ್ದರೆ, ಬೆರಳು ಚುಚ್ಚಿ ತೆಗೆದ ಹನಿಗೆ ಎಳೆಯ ಉಂಗುರಗಳಷ್ಟೇ ಬರುತ್ತವೆ. ಆದ್ದರಿಂದ ಎಣಿಕೆ ಕಡಿಮೆ ಬಂದಾಗ ರೋಗಿಯ ಕಡೆಯವರಿಗೆ "ಸ್ವಲ್ಪವೇ ಇದೆ" ಎಂದು ನಾನು ಹೇಳುವುದಿಲ್ಲ. ಅಡಗಿರಬೇಕಾದ ಬಲಿತ ಹಂತಗಳೇ ಸ್ಲೈಡಿನಲ್ಲಿ ಕಂಡರಂತೂ ಕಾಯಿಲೆ ತೀವ್ರವಾಗಿರುವ ಸೂಚನೆ; ವರದಿ ಬರೆಯುತ್ತ ಕೂರದೆ ಮೊದಲು ವಾರ್ಡಿನ ವೈದ್ಯರಿಗೆ ಫೋನ್ ಮಾಡುತ್ತೇನೆ.