ರಾತ್ರಿ ಫೋಟೊ ಕೆಡುತ್ತಿದೆಯೇ? ಹೊಸ ಫೋನ್ ಕೊಳ್ಳುವ ಮೊದಲು ಹೀಗೆ ಮಾಡಿ

ಹೋದ ವರ್ಷ ಊರಿನ ದೀಪೋತ್ಸವದ ಮರುದಿನ ಬೆಳಿಗ್ಗೆ ಚಿಕ್ಕಪ್ಪ ಕಾಫಿಗೂ ಕೂರದೆ ಫೋನ್ ಚಾಚಿದರು. ದೇವಸ್ಥಾನದ ಕೆರೆ ಮೆಟ್ಟಿಲಿನ ಹಣತೆಗಳು, ಆಮೇಲೆ ರಾತ್ರಿಯ ಯಕ್ಷಗಾನ ಬಯಲಾಟ, ಎಲ್ಲ ಸೇರಿ 87 ಫೋಟೊ. ಒಂದೊಂದು ಹಣತೆಯೂ ಹತ್ತಿಯ ಉಂಡೆ. ವೇಷಕ್ಕೆ ನಾಲ್ಕು ಕೈ. ಚಿಕ್ಕಮ್ಮನ ಮುಖ ಮೇಣದ ಬೊಂಬೆ. “ಇದ್ರ ಕ್ಯಾಮೆರಾ ಹೋಯ್ತು ಮಾರಾಯ. ಹೊಸದು ಯಾವುದು ತಗೊಳ್ಳಲಿ?” ಅಂದರು.

ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ. ಹಣತೆ, ವೇಷ, ಚಿಕ್ಕಮ್ಮ, ಮೂರೂ ಬೇರೆ ಬೇರೆ ಕಾರಣಕ್ಕೆ ಕೆಟ್ಟಿದ್ದವು. ನಮ್ಮವರು ಎಲ್ಲದಕ್ಕೂ ಒಂದೇ ಮದ್ದು ಮಾಡುತ್ತಾರೆ: ನೈಟ್ ಮೋಡ್ ಒತ್ತುತ್ತಾರೆ, ಸರಿಹೋಗದಿದ್ದರೆ ಅಂಗಡಿಗೆ ಹೋಗುತ್ತಾರೆ.

ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ಮುಂದಿನದು ಸುಲಭ. ಫೋನ್ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಉಗುರಿನಷ್ಟೇ ದೊಡ್ಡದು. ಕತ್ತಲಾದರೆ ಅದಕ್ಕೆ ಎರಡೇ ದಾರಿ. ಜಾಸ್ತಿ ಹೊತ್ತು ಶಟರ್ ತೆರೆದಿಟ್ಟು ಬೆಳಕು ಕೂಡಿಸಿಕೊಳ್ಳಬೇಕು, ಇಲ್ಲವೇ ಬಂದಷ್ಟು ಬೆಳಕನ್ನೇ ಹಿಗ್ಗಿಸಬೇಕು. ಜಾಸ್ತಿ ಹೊತ್ತು ತೆರೆದರೆ ಚಿತ್ರ ಅಲುಗುತ್ತದೆ. ಹಿಗ್ಗಿಸಿದರೆ, ಅಂದರೆ ಐಎಸ್‌ಒ ಏರಿದರೆ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಆ ರವೆಯನ್ನು ಫೋನ್ ತಾನೇ ಉಜ್ಜಿ ಅಳಿಸಲು ಹೋದಾಗ ಮುಖ ಮೇಣವಾಗುತ್ತದೆ.

1. ಕೆಟ್ಟ ಫೋಟೊ ಅಳಿಸಬೇಡಿ, ನೋಡಿ

ಗ್ಯಾಲರಿಯಲ್ಲಿ ಫೋಟೊ ತೆರೆದು ಎರಡು ಬೆರಳಲ್ಲಿ ದೊಡ್ಡದು ಮಾಡಿ. ಕಂಬ, ಗೋಡೆ, ಜನ ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ನಿಮ್ಮ ಕೈ ಅಲುಗಿದೆ. ಕಂಬ ಸ್ಪಷ್ಟವಾಗಿದ್ದು ಜನ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಅವರು. ದೀಪದಿಂದ ಉದ್ದ ಗೆರೆ ಹೊರಟಿದ್ದರೆ, ಇಡೀ ಚಿತ್ರಕ್ಕೆ ಹಾಲಿನ ಪೊರೆ ಬಂದಂತಿದ್ದರೆ ಲೆನ್ಸ್ ಕೊಳೆ. ಹಿಂದಿನ ಗೋಡೆ ಸ್ಪಷ್ಟ, ಮುಂದಿನ ಮನುಷ್ಯ ಮಸುಕು ಎಂದಾದರೆ ಫೋಕಸ್ ತಪ್ಪಿದೆ. ಅಡ್ಡಡ್ಡ ಕಪ್ಪು ಪಟ್ಟಿಗಳಿದ್ದರೆ ಎಲ್‌ಇಡಿ ದೀಪದ ಕಿತಾಪತಿ.

ಬಹಳಷ್ಟು ಫೋನ್‌ಗಳಲ್ಲಿ ಫೋಟೊವನ್ನು ಮೇಲಕ್ಕೆ ಸರಿಸಿದರೆ ಅದರ ವಿವರ ಕಾಣುತ್ತದೆ. ಅಲ್ಲಿ ಎರಡು ಅಂಕಿ ನೋಡಿ: ಶಟರ್ ಸಮಯ ಮತ್ತು ಐಎಸ್‌ಒ. ಚಿಕ್ಕಪ್ಪನ ನಾಲ್ಕು ಕೈಯ ವೇಷಕ್ಕೆ 1/10 ಸೆಕೆಂಡ್ ಎಂದಿತ್ತು. ಕುಣಿಯುವವರ ಕೈ ಅಷ್ಟರಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೀವೇ ಯೋಚಿಸಿ.

2. ಲೆನ್ಸ್ ಒರೆಸಿ

ಕನ್ನಡಕದ ಬಟ್ಟೆಯಲ್ಲಿ, ಬಾಯಿಯ ಹಬೆ ಹಾಯಿಸಿ, ಮೆಲ್ಲಗೆ. ಅಷ್ಟೇ.

ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಬೆರಳು, ದೋಸೆ ತಿಂದ ಬೆರಳು, ಎಲ್ಲವೂ ದಿನಕ್ಕೆ ಹತ್ತು ಸಲ ಅದೇ ಗಾಜಿನ ಮೇಲೆ ಕೂರುತ್ತವೆ. ಹಗಲಲ್ಲಿ ಗೊತ್ತಾಗದು. ಕತ್ತಲಲ್ಲಿ ಒಂದು ದೀಪ ಎದುರಿಗೆ ಬಂದ ಕೂಡಲೇ ಎಣ್ಣೆಯೆಲ್ಲ ಹೊಳೆಯುತ್ತದೆ. ಒರೆಸಿದರೂ ಹತ್ತಿಯ ಉಂಡೆ ಹೋಗದಿದ್ದರೆ ಲೆನ್ಸ್ ಮೇಲೆ ಅಂಟಿಸಿದ ರಕ್ಷಣೆಯ ಗಾಜು ಕಿತ್ತು ನೋಡಿ. ಚಿಕ್ಕಪ್ಪನ ಫೋನ್‌ನಲ್ಲಿ ಇದ್ದದ್ದು ಇದೇ. ಅಂಗಡಿಯವನು ಪುಕ್ಕಟೆ ಹಾಕಿಕೊಟ್ಟಿದ್ದನಂತೆ. ಆ ಗಾಜಿಗೂ ಲೆನ್ಸ್‌ಗೂ ನಡುವೆ ಬೆಳಕು ಪುಟಿದು ದೀಪದ ಪಕ್ಕ ಇನ್ನೊಂದು ದೆವ್ವದ ದೀಪ ಮೂಡುತ್ತದೆ. ನನ್ನ ಮಾತು ಕೇಳಿದರೆ ಇದನ್ನು ಹಾಕಿಸಲೇಬೇಡಿ. ಲೆನ್ಸ್ ಗೀಚಿದ್ದರೆ ಟೂತ್‌ಪೇಸ್ಟ್ ಉಜ್ಜಿ ಎನ್ನುವ ವಿಡಿಯೊಗಳನ್ನೂ ನಂಬಬೇಡಿ. ಇನ್ನಷ್ಟು ಗೀಚುತ್ತದೆ.

3. ಜೂಮ್ ಬಿಡಿ, 1x ಹಿಡಿಯಿರಿ

ಹಿಂದೆ ಮೂರು ನಾಲ್ಕು ಕಣ್ಣುಗಳಿದ್ದರೂ ರಾತ್ರಿಗೆ ಕೆಲಸಕ್ಕೆ ಬರುವುದು ಒಂದೇ, ಮುಖ್ಯ ಲೆನ್ಸ್, ಅಂದರೆ 1x. ಬೆಳಕು ಒಳಬರುವ ಅದರ ದ್ವಾರ ಸಾಮಾನ್ಯವಾಗಿ ಎಫ್ 1.8ರ ಆಸುಪಾಸು. ಅಗಲದ ಲೆನ್ಸ್‌ಗೆ ಎಫ್ 2.2 ಇರಬಹುದು. ಈ ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ. ಇವೆರಡರ ನಡುವೆಯೇ ಸುಮಾರು ಒಂದೂವರೆ ಪಟ್ಟು ವ್ಯತ್ಯಾಸ. ಸಾಲದ್ದಕ್ಕೆ ಅಗಲದ ಲೆನ್ಸ್ ಹಿಂದಿನ ಸೆನ್ಸರ್ ಕೂಡ ಸಾಮಾನ್ಯವಾಗಿ ಚಿಕ್ಕದು.

ಜೂಮ್ ಲೆನ್ಸ್ ಇದೆಯಲ್ಲ ಅನ್ನಬೇಡಿ. ಬೆಳಕು ಕಡಿಮೆಯಾದರೆ ಎಷ್ಟೋ ಫೋನ್‌ಗಳು ಹೇಳದೆ ಕೇಳದೆ ಅದನ್ನು ಬಿಟ್ಟು, ಮುಖ್ಯ ಲೆನ್ಸ್‌ನ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿ ಕೊಡುತ್ತವೆ. ಪರೀಕ್ಷೆ ಸುಲಭ. 3x ಇಟ್ಟು, ಹಿಂದಿನ ಕಣ್ಣುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಚ್ಚಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಗುತ್ತದೋ ಅದೇ ಕೆಲಸ ಮಾಡುತ್ತಿರುವ ಲೆನ್ಸ್. ಚಿಕ್ಕಮ್ಮನ ಮೇಣದ ಮುಖಕ್ಕೆ ಇದೇ ಕಾರಣ. ಚಿಕ್ಕಪ್ಪ ಕೂತಲ್ಲಿಂದಲೇ 5x ಎಳೆದಿದ್ದರು. ನಾಲ್ಕು ಹೆಜ್ಜೆ ಮುಂದೆ ನಡೆದಿದ್ದರೆ ಸಾಕಿತ್ತು. ಬ್ಯೂಟಿ ಫಿಲ್ಟರ್ ಬೇರೆ ಆನ್ ಇತ್ತು, ಅದನ್ನೂ ತೆಗೆಸಿದೆ.

50 ಮೆಗಾಪಿಕ್ಸೆಲ್, 200 ಮೆಗಾಪಿಕ್ಸೆಲ್ ಎನ್ನುವ ಮೋಡ್ ಕೂಡ ರಾತ್ರಿಗೆ ಬೇಡ. ಮಾಮೂಲಿ ಮೋಡ್‌ನಲ್ಲಿ ಇಂಥ ಫೋನ್‌ಗಳು ನಾಲ್ಕೋ ಹದಿನಾರೋ ಪಿಕ್ಸೆಲ್‌ಗಳನ್ನು ಸೇರಿಸಿ ಒಂದಾಗಿಸಿ 12.5 ಮೆಗಾಪಿಕ್ಸೆಲ್ ಫೋಟೊ ಕೊಡುತ್ತವೆ. ಕತ್ತಲಲ್ಲಿ ನಮಗೆ ಬೇಕಾದ್ದು ಆ ಒಗ್ಗಟ್ಟೇ.

4. ಅಲುಗಾಟ: ಕೈಯದೋ, ಎದುರಿನವರದೋ?

ಎಲ್ಲರೂ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ನೈಟ್ ಮೋಡ್ ತೆಗೆಯುವುದು ಒಂದು ಫೋಟೊ ಅಲ್ಲ. ಒಂದರ ಹಿಂದೆ ಒಂದು ಹಲವು ಫೋಟೊ ತೆಗೆದು, ಒಂದರ ಮೇಲೊಂದು ಕೂರಿಸಿ, ರವೆಯನ್ನು ತೆಗೆದು ಒಂದು ಚಿತ್ರ ಮಾಡುತ್ತದೆ. 2018ರಲ್ಲಿ ಗೂಗಲ್‌ನ ಪಿಕ್ಸೆಲ್ ಫೋನ್‌ಗಳಿಗೆ, 2019ರಲ್ಲಿ ಐಫೋನ್ 11ಕ್ಕೆ ಇದು ಬಂತು. ಈಗ ಅಗ್ಗದ ಫೋನ್‌ಗಳಲ್ಲೂ ಇದೆ. ಕೆಲಸ ಮುಗಿಯಲು ಅದಕ್ಕೆ 2–3 ಸೆಕೆಂಡ್ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ನಮ್ಮ ಜನ ಮಾಡುವುದೇನು? ಬಟನ್ ಒತ್ತಿದ ಕೂಡಲೇ “ಹಾಂ, ಆಯ್ತು” ಎಂದು ಫೋನ್ ಇಳಿಸುತ್ತಾರೆ. ಅರ್ಧ ಫೋಟೊಗಳಲ್ಲಿ ದೇವಸ್ಥಾನ, ಇನ್ನರ್ಧದಲ್ಲಿ ಅವರದೇ ಚಪ್ಪಲಿ. ಪರದೆಯ ಮೇಲೆ ತಿರುಗುವ ಉಂಗುರವೋ ಸೆಕೆಂಡ್ ಎಣಿಕೆಯೋ ಮುಗಿಯುವವರೆಗೆ ಕದಲಬಾರದು. ಮುಗಿದ ಮೇಲೂ ಮನಸ್ಸಿನಲ್ಲೇ ಒಂದು ಎಂದು ಎಣಿಸಿ ಇಳಿಸಿ.

ಹಿಡಿಯುವ ಕ್ರಮ ಹೀಗೆ. ಎರಡೂ ಕೈಯಲ್ಲಿ ಫೋನ್. ಮೊಣಕೈ ಎರಡೂ ಪಕ್ಕೆಗೆ ಒತ್ತಿರಲಿ. ಬೆನ್ನು ಕಂಬಕ್ಕೋ ಗೋಡೆಗೋ ಆನಿಸಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ಪರದೆಯನ್ನು ಕುಟ್ಟುವ ಬದಲು ವಾಲ್ಯೂಮ್ ಬಟನ್ ಒತ್ತಿ, ಇಲ್ಲವೇ 2–3 ಸೆಕೆಂಡಿನ ಟೈಮರ್ ಹಾಕಿ. ಬೆರಳು ಒತ್ತುವ ಧಕ್ಕೆಯೇ ಎಷ್ಟೋ ಫೋಟೊಗಳನ್ನು ಹಾಳು ಮಾಡುತ್ತದೆ. ಒಂದೇ ದೃಶ್ಯ ಮೂರು ಸಲ ತೆಗೆಯಿರಿ, ಒಂದಾದರೂ ನಿಂತಿರುತ್ತದೆ.

ಟ್ರೈಪಾಡ್ ಇದ್ದರೆ ಒಳ್ಳೆಯದು. ಆದರೆ ಜಾತ್ರೆಯಲ್ಲಿ ಸಿಗುವ ಆಕ್ಟೋಪಸ್ ಕಾಲಿನದಕ್ಕೆ ದುಡ್ಡು ಹಾಕಬೇಡಿ. ಈಗಿನ ಫೋನ್‌ಗಳ ಭಾರಕ್ಕೆ ಅದರ ಕಾಲು ಮೆಲ್ಲಗೆ ಮಂಡಿಯೂರುತ್ತದೆ. ಅದಕ್ಕಿಂತ ಅರ್ಧ ಕಿಲೊ ಅಕ್ಕಿಯ ಬಟ್ಟೆ ಚೀಲ ವಾಸಿ. ಕಟ್ಟೆಯ ಮೇಲಿಟ್ಟು, ನಡುವೆ ಒತ್ತಿ ಗುಳಿ ಮಾಡಿ, ಫೋನ್ ಅಡ್ಡ ನಿಲ್ಲಿಸಿ. ಟೈಮರ್ ಮರೆಯಬೇಡಿ. ಫೋನ್ ಹಾಗೆ ಅಲುಗದೆ ನಿಂತಿದೆ ಎಂದು ಗೊತ್ತಾದರೆ ಹೊಸ ಐಫೋನ್‌ಗಳು 30 ಸೆಕೆಂಡ್‌ವರೆಗೂ ಬೆಳಕು ಕೂಡಿಸುತ್ತವೆ. ಕೆರೆಯಲ್ಲಿ ದೀಪದ ನೆರಳು ಆಗ ಹೇಗೆ ಬರುತ್ತದೆ ನೋಡಿ.

ಇಷ್ಟೆಲ್ಲ ನಿಮ್ಮ ಕೈ ಅಲುಗಿದರೆ. ಎದುರಿನವರು ಅಲುಗಿದರೆ ಇದ್ಯಾವುದೂ ಉಪಯೋಗವಿಲ್ಲ, ಟ್ರೈಪಾಡ್ ಕೂಡ. ಆಗ ನೈಟ್ ಮೋಡನ್ನು ಆಫ್ ಮಾಡಬೇಕು. ಹೌದು, ರಾತ್ರಿಯಲ್ಲೇ ಆಫ್. ಇದನ್ನು ಹೇಳಿದರೆ ಚಿಕ್ಕಪ್ಪ ನನ್ನನ್ನೇ ಸಂಶಯದಿಂದ ನೋಡಿದರು.

ಕುಣಿತಕ್ಕೆ ಪ್ರೊ ಮೋಡ್ ಬೇಕು, ಅಂದರೆ ಶಟರ್, ಐಎಸ್‌ಒ ನಾವೇ ಹೊಂದಿಸುವ ಮೋಡ್. ಸುಮ್ನೆ ನಿಂತು ಮಾತಾಡುವವರಿಗೆ ಶಟರ್ 1/30 ಸಾಕು. ನಡೆಯುವವರಿಗೆ 1/100. ದಿಗಿಣ ಹಾಕುವ, ಅಂದರೆ ನೆಗೆದು ಸುತ್ತುವ, ವೇಷಕ್ಕೆ 1/250. ಐಎಸ್‌ಒ ಆಟೊದಲ್ಲೇ ಬಿಡಿ. ನಿಮ್ಮ ಫೋನ್‌ನಲ್ಲಿ ಅದಕ್ಕೆ ಆಟೊ ಇಲ್ಲದಿದ್ದರೆ 1600ರಿಂದ ಶುರು ಮಾಡಿ. ಚಿತ್ರದಲ್ಲಿ ರವೆ ಬರುತ್ತದೆ, ಬರಲಿ. ರವೆಯಿರುವ ಎರಡು ಕೈ ವೇಷ, ನುಣುಪಾದ ನಾಲ್ಕು ಕೈ ವೇಷಕ್ಕಿಂತ ಚೆಂದ.

ಪ್ರೊ ಮೋಡ್ ತಲೆನೋವು ಅನ್ನುವವರಿಗೆ ಇನ್ನೊಂದು ಉಪಾಯ ಇದೆ, ನನಗಂತೂ ಇದೇ ಇಷ್ಟ. ಕಾಯಿರಿ. ಭಾಗವತರ ಪದ್ಯ ಮುಗಿದು, ಚೆಂಡೆ ನಿಂತು, ವೇಷಧಾರಿ ಅರ್ಥ ಹೇಳಲು ರಂಗಸ್ಥಳದ ರಥದ ಮೇಲೆ, ಅಂದರೆ ಅಲ್ಲಿನ ಆಸನದ ಮೇಲೆ, ಕೂತಾಗ ತೆಗೆಯಿರಿ. ಮಾತಿನ ನಡುವೆ ಒಂದು ಕ್ಷಣ ಅವರು ತಡೆದು ನೋಡುತ್ತಾರೆ, ಆಗ ಮುಖವೂ ಕೈಯೂ ನಿಂತಿರುತ್ತದೆ. ಮದುವೆ ಮನೆಯಲ್ಲೂ ಅಷ್ಟೇ. ಅಕ್ಷತೆ ಎರಚುವಾಗ ತೆಗೆದದ್ದು ಕೆಡುತ್ತದೆ, ಎರಚಿ ನಕ್ಕಾಗ ತೆಗೆದದ್ದು ನಿಲ್ಲುತ್ತದೆ.

5. ಬೆಳಕು ಇಳಿಸಿ

ಫೋನ್‌ಗೆ ಒಂದು ಹಟ ಇದೆ. ರಾತ್ರಿಯನ್ನು ಹಗಲು ಮಾಡಲು ನೋಡುತ್ತದೆ. ಆ ಭರದಲ್ಲಿ ದೀಪದ ಕುಡಿ ಸುಟ್ಟು ಬರೀ ಬಿಳಿ ಚುಕ್ಕೆ ಆಗುತ್ತದೆ. ಹಣತೆಯ ಅಂಚನ್ನು ಬೆರಳಲ್ಲಿ ಮುಟ್ಟಿ. ಪಕ್ಕದಲ್ಲಿ ಸೂರ್ಯನ ಗುರುತೋ ಒಂದು ಗೆರೆಯೋ ಬರುತ್ತದೆ, ಅದನ್ನು ಕೆಳಕ್ಕೆ ಎಳೆಯಿರಿ, ಕುಡಿಯ ಆಕಾರ ಕಾಣುವವರೆಗೆ. ಮುಟ್ಟಿದ ಬೆರಳನ್ನು ಅಲ್ಲೇ ಒತ್ತಿ ಹಿಡಿದರೆ ಬೆಳಕು, ಫೋಕಸ್ ಎರಡೂ ಲಾಕ್ ಆಗುತ್ತವೆ. ಕಪ್ಪಾದ ಜಾಗವನ್ನು ಆಮೇಲೆ ಸ್ವಲ್ಪ ಎತ್ತಬಹುದು. ಸುಟ್ಟು ಬಿಳಿಯಾದದ್ದು ಮರಳಿ ಬರುವುದಿಲ್ಲ.

ಫೋಕಸ್ ಹುಡುಕಾಡುತ್ತಿದ್ದರೆ ಬೋಳು ಗೋಡೆ ಮುಟ್ಟಬೇಡಿ. ಕಿರೀಟದ ಅಂಚು, ಸೀರೆಯ ಅಂಚು, ಹೀಗೆ ಕಪ್ಪು ಬಿಳುಪು ಕೂಡುವ ಕಡೆ ಮುಟ್ಟಿ.

ಮೈಸೂರು ಅರಮನೆಗೂ ಇದೇ ಪಾಠ. ಸುಮಾರು 1 ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತಿದಾಗ ಫೋನ್ ಗಲಿಬಿಲಿಯಾಗುತ್ತದೆ. ಭಾನುವಾರ, ಸರ್ಕಾರಿ ರಜೆಗಳಲ್ಲಿ ಸಂಜೆ 7ರ ಹೊತ್ತಿಗೆ ದೀಪ ಹಾಕುತ್ತಾರೆ. ಮೇ ತಿಂಗಳಲ್ಲಾದರೆ ಆಕಾಶದಲ್ಲಿ ಆಗ ಇನ್ನೂ ಸ್ವಲ್ಪ ನೀಲಿ ಇರುತ್ತದೆ. ಮೊದಲ ಹತ್ತು ನಿಮಿಷದಲ್ಲೇ ತೆಗೆದುಬಿಡಿ, ಐಸ್‌ಕ್ರೀಮ್ ಆಮೇಲೆ ತಿನ್ನಿ.

6. ಕಪ್ಪು ಪಟ್ಟಿಗಳು

ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟಿ ಮಾಯ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಆಂಟಿ ಫ್ಲಿಕರ್ ಇದ್ದರೆ 50 ಆರಿಸಿ. ಅಮೆರಿಕದಿಂದ ಮಗ ತಂದುಕೊಟ್ಟ ಫೋನ್ ಆಗಿದ್ದರೆ ಅದು 60ರಲ್ಲಿ ಇದೆಯೇ ನೋಡಿ.

7. ಫ್ಲ್ಯಾಶ್

ಎರಡು ಮೂರು ಮೀಟರ್ ದಾಟಿದರೆ ದಂಡ. ಹತ್ತನೇ ಸಾಲಿನಿಂದ ರಂಗಸ್ಥಳಕ್ಕೆ ಫ್ಲ್ಯಾಶ್ ಹೊಡೆದರೆ ಬೆಳಗುವುದು ಒಂಬತ್ತನೇ ಸಾಲಿನವರ ತಲೆ. ಹತ್ತಿರದ ಮುಖಕ್ಕೆ ಬೆಳಕು ಬೇಕಿದ್ದರೆ ಇನ್ನೊಬ್ಬರ ಫೋನಿನ ಟಾರ್ಚನ್ನು ಬಿಳಿ ಗೋಡೆಗೋ ಬಿಳಿ ಪಂಚೆಗೋ ಹಾಯಿಸಿ, ಪುಟಿದು ಬರುವ ಬೆಳಕಲ್ಲಿ ತೆಗೆಯಿರಿ. ಕತ್ತಲಲ್ಲೂ ಕಾಣುವ ನೈಟ್ ವಿಷನ್ ಕ್ಯಾಮೆರಾ ಎನ್ನುವ ಆ್ಯಪ್‌ಗಳು ಮಾಡುವುದು ಬೆಳಕು ಹಿಗ್ಗಿಸುವುದನ್ನಷ್ಟೇ, ಮೇಲೆ ಹಸಿರು ಬಣ್ಣ ಬೇರೆ. ತೆಗೆದುಹಾಕಿ.

8. ವಾಟ್ಸ್ಆ್ಯಪ್ ಒಳಗಿಂದ ತೆಗೆಯಬೇಡಿ

ಫೋನಿನದೇ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆದು, ಆಮೇಲೆ ಎಚ್‌ಡಿ ಆಯ್ಕೆಯಲ್ಲೋ ಡಾಕ್ಯುಮೆಂಟ್ ಆಗಿಯೋ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ಅದು ಫೋಟೊವನ್ನು ಹಿಂಡುತ್ತದೆ, ಕತ್ತಲ ಭಾಗ ಚೌಕ ಚೌಕವಾಗಿ ಒಡೆಯುತ್ತದೆ.

9. ಇಷ್ಟಾದರೂ ಸರಿಹೋಗದಿದ್ದರೆ

ಫೋನನ್ನು ಅಕ್ಕಿ ಚೀಲದ ಮೇಲೆ ನಿಲ್ಲಿಸಿ, ಟೈಮರ್ ಹಾಕಿ, ಗೋಡೆಯ ಕ್ಯಾಲೆಂಡರಿನ ಫೋಟೊ ತೆಗೆಯಿರಿ. ಅಂಕಿಗಳು ಆಗಲೂ ಮಸುಕಾಗಿದ್ದರೆ, ಅಥವಾ ಪರದೆಯಲ್ಲಿ ಚಿತ್ರ ನಡುಗುತ್ತಿದ್ದರೆ, ಒಳಗಿನ ಒಐಎಸ್ ಕೆಟ್ಟಿರಬಹುದು. ಕೈ ಅಲುಗಿದಾಗ ಲೆನ್ಸನ್ನು ಎದುರು ದಿಕ್ಕಿಗೆ ಸರಿಸಿ ಸಮ ಮಾಡುವ ಭಾಗ ಅದು. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಮ್ಯಾಪ್ ನೋಡುವವರು ಕೇಳಿಸಿಕೊಳ್ಳಿ: ದೊಡ್ಡ ಎಂಜಿನ್‌ನ ಬೈಕುಗಳ ಕಂಪನದಿಂದ ಇದು ಹಾಳಾಗಬಹುದು ಎಂದು ಆ್ಯಪಲ್ 2021ರಲ್ಲೇ ಎಚ್ಚರಿಸಿದೆ. ನನ್ನ ಗೆಳೆಯನೊಬ್ಬನ ಫೋನ್ ಒಂದು ಮಳೆಗಾಲವಿಡೀ ಬೈಕ್ ಮೇಲೆ ಕೂತು, ಈಗ ಕ್ಯಾಮೆರಾ ತೆರೆದರೆ ಜೆಲ್ಲಿಯ ಹಾಗೆ ಕುಣಿಯುತ್ತದೆ. ಅಯಸ್ಕಾಂತವಿರುವ ಕವರ್ ಹಾಕಿದ್ದರೆ ಅದನ್ನೂ ತೆಗೆದು ಒಮ್ಮೆ ಪರೀಕ್ಷಿಸಿ.

ಇನ್ನೊಂದು, ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸ್ ಗಾಜಿನ ಒಳಗೆ ನೋಡಿ. ಆವಿಯೋ ಧೂಳೋ ಕಂಡರೆ ಹೊರಗಿನಿಂದ ಎಷ್ಟು ಒರೆಸಿದರೂ ಹೋಗದು. ಸರ್ವಿಸ್ ಸೆಂಟರ್‌ಗೇ ಕೊಡಿ. ಅರ್ಧ ಗಂಟೆಯಲ್ಲಿ ಗಾಜು ಬದಲಿಸಿ ಕೊಡುವ ಅಂಗಡಿಯಲ್ಲಿ ಗಾಜು ಬದಲಾಗುತ್ತದೆ ನಿಜ, ನೀರು ತಡೆಯುವ ಅಂಟು ಸರಿಯಾಗಿ ಕೂರುವ ಭರವಸೆ ಇಲ್ಲ. ಕೊಡುವ ಮೊದಲು ಫೋಟೊಗಳನ್ನೆಲ್ಲ ಬೇರೆ ಕಡೆ ಉಳಿಸಿಕೊಳ್ಳಿ, ಆ 87 ಸೇರಿ.