ಸಂಭವ, ಸಾಧ್ಯತೆ, ಸಂಭವನೀಯತೆ: ಯಾವ್ದನ್ನ ಎಲ್ಲಿ ಹೇಳೋದು

ಕಾರವಾರದಲ್ಲಿ ಓದ್ತಾ ಇರೋ ಅಕ್ಕನ ಮಗ ಮೊನ್ನೆ ವಾಟ್ಸಾಪಲ್ಲಿ "ಮಾವ, ನಾಳೆ ಇಲ್ಲಿ ಜೋರು ಮಳೆ ಸಂಭಾವನೆ ಇದೆ" ಅಂತ ಹಾಕಿದ್ದ. ಅಲ್ಲಿ ಹಿಂದಿ ಮರಾಠಿ ಕೊಂಕಣಿ ಎಲ್ಲ ಒಟ್ಟೊಟ್ಟಿಗೇ ಕಿವಿಗೆ ಬೀಳ್ತದೆ, ಹಂಗಾಗಿ ಹಿಂದಿಯ ಸಂಭಾವನಾ ಸೀದಾ ಕನ್ನಡಕ್ಕೆ ಬಂದುಬಿಟ್ಟಿದೆ. ಆದ್ರೆ ಕನ್ನಡದಲ್ಲಿ ಸಂಭಾವನೆ ಅಂದ್ರೆ ಯಕ್ಷಗಾನದ ಭಾಗವತರಿಗೋ ಪೂಜೆಗೆ ಬಂದ ಭಟ್ರಿಗೋ ಕೊಡೋ ಗೌರವದ ದುಡ್ಡು. ಮಳೆಗೆ ಬೇಕಾದ್ದು ಸಂಭವ, ಇಲ್ಲಾಂದ್ರೆ ಸಾಧ್ಯತೆ.

ಇವೆರಡೂ ಒಂದೇ ಅಲ್ಲ. ಸಾಧ್ಯತೆ ಅಂದ್ರೆ ಆಗೂಕೆ ಅಡ್ಡಿ ಏನಿಲ್ಲ ಅಂತ ಅಷ್ಟೇ, ಜನವರಿಯಲ್ಲೂ ಶಿರಸಿಯಲ್ಲಿ ಮಳೆ ಬರೋ ಸಾಧ್ಯತೆ ಇದ್ದೇ ಇದೆ. ಸಂಭವ ಅಂದಾಗ ಆಗೋ ಲಕ್ಷಣ ಕಾಣ್ತಾ ಇದೆ ಅನ್ನೋ ಅರ್ಥ ಸೇರ್ತದೆ, ಮತ್ತೆ ನನ್ನ ಕಿವಿಗೆ ಅದ್ರಲ್ಲಿ ಸ್ವಲ್ಪ ಎಚ್ಚರಿಕೆಯೂ ಕೇಳ್ತದೆ, ಘಟ್ಟದ ರಸ್ತೆ ಬದಿ "ಗುಡ್ಡ ಕುಸಿಯುವ ಸಂಭವ" ಅಂತ ಬರೆದ್ರೆ ಅದಕ್ಕೇ ಹೊಂದ್ತದೆ. ಸಂಭವನೀಯತೆ ಅಂದ್ರೆ ಅಳತೆ. ಹತ್ತನೇ ಕ್ಲಾಸಿನ ಗಣಿತದಲ್ಲಿ ಓದಿದ್ದೇ ಇದು, ಆಗೋದೇ ಇಲ್ಲ ಅಂದ್ರೆ 0, ಆಗೇ ಆಗ್ತದೆ ಅಂದ್ರೆ 1, ದಾಳ ಹಾಕಿದ್ರೆ ಆರು ಬೀಳೋದು ಆರರಲ್ಲಿ ಒಂದು. ಹಂಗಾಗಿ "ಮಳೆ ಬರುವ ಸಂಭವನೀಯತೆ ಇದೆ" ಅಂತ ಬರೀಬೇಡಿ, ಅದು "ಈ ಮೂಟೆಗೆ ತೂಕ ಇದೆ" ಅಂದ ಹಾಗೆ, ಎಷ್ಟು ಅಂತ ಹೇಳ್ಬೇಕಲ್ಲ. "ಸಂಭವನೀಯತೆ 70%" ಅಂದ್ರೆ ಸರಿ.

ನಿಜ ಹೇಳ್ಬೇಕಂದ್ರೆ ಮನೇಲಿ ಈ ಮೂರು ಶಬ್ದಾನೂ ಯಾರೂ ಆಡೋದಿಲ್ಲ, ಕ್ರಿಯಾಪದದ ಬಾಲದಲ್ಲೇ ಎಲ್ಲ ಹೇಳಿ ಮುಗಿಸ್ತೇವೆ. "ಬಂದ್ರೂ ಬಂತು" ಅಂದ್ರೆ ನಂಬಿಕೆ ಕಡಿಮೆ ಆದ್ರೂ ಛತ್ರಿ ಇರ್ಲಿ. "ಬರ್ಬಹುದು" ನಡುವೆ. "ಬರ್ಲಿಕ್ಕೆ ಸಾಕು" ಅಂದ್ರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಅಮ್ಮ ಅಂಗಳಕ್ಕೆ ಬಂದು ಪಡುವಣ ದಿಕ್ಕು ನೋಡಿ "ಮಳೆ ಬತ್ತು ಕಾಣ್ತು" ಅಂದ್ರೆ ಇನ್ನೂ ಮೇಲೆ, ಆಗ ಹಾಸಿದ ಅಡಿಕೆ ರಾಶಿ ಮಾಡೂಕೆ ಏಳ್ಬೇಕು. ಇಲ್ಲ ಅನ್ನೋದ್ರಲ್ಲೂ ಹಂಗೇ, "ಬರೋದಿಲ್ಲ" ಅಂದ್ರೆ ಖಂಡಿತ ಇಲ್ಲ, "ಬರ್ಲಿಕ್ಕಿಲ್ಲ" ಅಂದ್ರೆ ಬಹುಶಃ ಇಲ್ಲ. ಹೊರಗಿಂದ ಬಂದವರು ಈ ಎರಡನ್ನೂ ಒಂದೇ ಅಂದ್ಕೊಳ್ತಾರೆ, ಅಲ್ಲೇ ಎಡವೋದು.

ಈಗ ಪೇಪರಲ್ಲಿ ಬರೋ "ಮಳೆ ಸಾಧ್ಯತೆ". ಹವಾಮಾನ ಇಲಾಖೆಯ ಇಂಗ್ಲಿಷ್ ಬುಲೆಟಿನಲ್ಲಿ ಪ್ರತಿ ಶಬ್ದಕ್ಕೂ ಲೆಕ್ಕ ಇದೆ, 25%ಗಿಂತ ಕಡಿಮೆ ಇದ್ರೆ ಅನ್‌ಲೈಕ್ಲಿ, 25ರಿಂದ 50 ಲೈಕ್ಲಿ, 50ರಿಂದ 75 ವೆರಿ ಲೈಕ್ಲಿ, 75ರ ಮೇಲೆ ಮೋಸ್ಟ್ ಲೈಕ್ಲಿ. ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ಐಪಿಸಿಸಿ ವರದಿಯಲ್ಲಿ ಮಾತ್ರ ಲೈಕ್ಲಿ ಅಂದ್ರೆ 66%ರಿಂದ ಮೇಲೆ. ಕನ್ನಡಕ್ಕೆ ಬರೋವಾಗ ಇವೆಲ್ಲ "ಸಾಧ್ಯತೆ ಇದೆ" ಅಂತ ಒಂದೇ ಆಗಿಬಿಡ್ತದೆ, ನಂಗೆ ಬೇಜಾರಾಗೋದು ಇದಕ್ಕೇ. ನೀವು ಅನುವಾದ ಮಾಡೋರಾದ್ರೆ ದಯವಿಟ್ಟು ಅಂಕಿ ಬಿಡಬೇಡಿ, ಅಂಕಿ ಇಲ್ಲ ಅಂದ್ರೆ "ಸಾಧ್ಯತೆ ಇದೆ", "ಸಾಧ್ಯತೆ ಹೆಚ್ಚು", "ಬಹುತೇಕ ಖಚಿತ" ಅಂತ ಬೇರೆ ಬೇರೆ ಮಾಡಿಯಾದ್ರೂ ಬರೀರಿ.

ಮೊಬೈಲಲ್ಲಿ 30% ಅಂತ ತೋರಿಸಿದ್ರೆ ತೋಟದ 30% ಭಾಗ ಒದ್ದೆ ಆಗ್ತದೆ ಅಂತಲ್ಲ, ದಿನದ 30% ಹೊತ್ತು ಹೊಯ್ತದೆ ಅಂತಾನೂ ಅಲ್ಲ. ಹಿಂಗೆ 30% ತೋರಿಸಿದ ಹತ್ತು ದಿನ ತಗೊಂಡ್ರೆ ಸುಮಾರು ಮೂರು ದಿನ ಮಳೆ ಆಗಿರ್ತದೆ, ಅಷ್ಟೇ. ಆ ಮೂರರಲ್ಲಿ ಒಂದು ದಿನ ನೆನೆದು ಬಂದು ಆ್ಯಪ್ ಸುಳ್ಳು ಅನ್ನೋದು ಸರಿಯಲ್ಲ. ಅದೇ 30%ಗೆ ಕುಮಟಾಕ್ಕೆ ಬೈಕಲ್ಲಿ ಹೋಗೋದಾದ್ರೆ ರೇನ್‌ಕೋಟ್ ಸಾಕು, ಅಂಗಳದಲ್ಲಿ ಸುಲಿಯೂಕೆ ಬಂದ ಚಾಲಿ (ಸಿಪ್ಪೆ ಸಮೇತ ಒಣಗಿಸಿದ ಅಡಿಕೆ) ಇದ್ರೆ ಮಾತ್ರ ನಾನು ತಾಡಪತ್ರಿ ಹೊದಿಸಿಯೇ ಮಲಗೋದು, ಎಷ್ಟು ನಷ್ಟ ಆಗ್ತದೆ ಅನ್ನೋದನ್ನೂ ಜೊತೆಗೆ ಲೆಕ್ಕ ಹಾಕ್ಬೇಕು.

ಈ ವರ್ಷ ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಹೊಡೆಯೋ ದಿನ ಬೆಳಿಗ್ಗೆ ಮೋಡ ಇತ್ತು. ಬೋರ್ಡೋ, ಅಂದ್ರೆ ಮೈಲುತುತ್ತು ಸುಣ್ಣದ ಮದ್ದು, ಅಡಿಕೆ ಗೊನೆಗೆ ಹಿಡಿದು ಒಣಗೂಕೆ ಒಂದಷ್ಟು ಹೊತ್ತು ಮಳೆ ಬಿಟ್ಟು ಹೊಳವಾಗ್ಬೇಕು. ಮರ ಹತ್ತಿ ಮದ್ದು ಹೊಡೆಯೋ ನಮ್ಮ ಕೊನೆಗೌಡ್ರು ಮರಕ್ಕೆ ಕೈಯಿಟ್ಟು ಮೇಲೆ ನೋಡಿ "ಮಧ್ಯಾಹ್ನದವರೆಗೆ ಬರ್ಲಿಕ್ಕಿಲ್ರಾ, ಸಂಜಿಗೆ ಬರ್ಲಿಕ್ಕೆ ಸಾಕು" ಅಂದ್ರು. ಎಷ್ಟು ಹೊತ್ತಿಗೆ, ಎಷ್ಟು ನಂಬಿಕೆ, ಎರಡೂ ಒಂದೇ ಮಾತಲ್ಲಿ. ಆದ್ರೂ ಕೇಳ್ದೆ, ಇಂಥ ಮೋಡ ಹತ್ತು ಸಲ ಕಂಡ್ರೆ ಎಷ್ಟು ಸಲ ಮಧ್ಯಾಹ್ನದವರೆಗೆ ತಡೀತದೆ ಅಂತ. ಸ್ವಲ್ಪ ಯೋಚಿಸಿ "ಎಂಟು" ಅಂದ್ರು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು ಒಂದು ಕೆಜಿ ಸುಣ್ಣ, ಕಲೆಸೂಕೆ ಶುರು ಮಾಡಿದ್ವಿ.