ಜರ್ಮನಿಯಲ್ಲಿ ಓದು ಮುಗಿಸಿದವರಿಗೆ: ಪರ್ಮಿಟ್ ವಿಷಯ ಸ್ವಲ್ಪ ಕೂತು ಓದಿ

ಮಾಸ್ಟರ್ಸ್ ಮುಗಿಸಿದ ನಮ್ಮ ಹುಡುಗರು ಫೋನ್ ಮಾಡಿ "ಅಣ್ಣಾ, ಕೆಲಸ ಸಿಗುತ್ತಾ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಪರ್ಮಿಟ್, ಅಂದರೆ ಜರ್ಮನಿಯಲ್ಲಿ ಇರಲು ಕೊಟ್ಟ ಅನುಮತಿ, ಮುಗಿಯುವ ತಾರೀಖು ಯಾವುದು? ತುಂಬಾ ಜನ ಆಗ ಪರ್ಸ್ ತೆಗೆದು ಕಾರ್ಡ್ ನೋಡುತ್ತಾರೆ. ಆ ತಾರೀಖು ಬಾಯಿಪಾಠ ಆಗಿರಬೇಕು.

ಇಲ್ಲಿನ ಯೂನಿವರ್ಸಿಟಿಯಲ್ಲಿ ಪಾಸಾದವರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ಪರ್ಮಿಟ್ ಸಿಗುತ್ತದೆ. ಅದರ ಮೇಲೆ ಒಂದು ದಿನವೂ ಜಾಸ್ತಿ ಕೊಡುವುದಿಲ್ಲ. ಈ ಅವಧಿಯಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು. ಓದುವಾಗ ಇದ್ದ ವರ್ಷಕ್ಕೆ 140 ದಿನದ ಮಿತಿ ಈಗ ಇಲ್ಲ. ಹಾಗಾಗಿ ಗೋಡೌನ್ ಕೆಲಸ, ಹೋಟೆಲ್ ಕೆಲಸ ಮಾಡಿ ಬಾಡಿಗೆ ಕಟ್ಟುತ್ತಾ ಹುಡುಕಿ, ನಾಚಿಕೆ ಬೇಡ. ಡಿಗ್ರಿ ಸರ್ಟಿಫಿಕೇಟ್ ಪ್ರಿಂಟ್ ಆಗಿ ಬರಲಿ ಅಂತ ಸುಮ್ನೆ ಕಾಯಬೇಡಿ. ಪಾಸಾಗಿದ್ದೀರಿ ಎಂದು ಯೂನಿವರ್ಸಿಟಿ ಕೊಡುವ ತಾತ್ಕಾಲಿಕ ಪತ್ರ ಹಿಡಿದು ಅರ್ಜಿ ಹಾಕಿ. ಓದು ಮುಗಿದರೆ ವಿದ್ಯಾರ್ಥಿ ದರದ ಹೆಲ್ತ್ ಇನ್ಶೂರೆನ್ಸ್ ಕೂಡ ಮುಗಿಯುತ್ತದೆ. ಆ ಖರ್ಚು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಈಗ ನನಗೆ ಆದದ್ದು ಹೇಳುತ್ತೇನೆ. ಪರ್ಮಿಟ್ ಮುಗಿಯಲು ಆರು ವಾರ ಇರುವಾಗ ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದೆ. ತಲುಪಿದೆ ಎಂದು ಇಮೇಲ್ ಬಂತು, ಆಮೇಲೆ ಮೂರು ತಿಂಗಳು ಸದ್ದೇ ಇಲ್ಲ. ಸಮಯಕ್ಕೆ ಅರ್ಜಿ ಹಾಕಿದ್ದರಿಂದ ನಾನು ಇಲ್ಲಿರುವುದು ಕಾನೂನುಬದ್ಧವೇ ಆಗಿತ್ತು. ತೀರ್ಮಾನ ಬರುವ ತನಕ ಹಳೆಯ ಪರ್ಮಿಟ್ ಮುಂದುವರಿದಂತೆ ಲೆಕ್ಕ. ಆದರೆ ಗಡಿ ದಾಟಿ ವಾಪಸ್ ಬರಲು ಇಮೇಲ್ ಸಾಲದು, ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಕಾಗದ ಬೇಕು. ಅರ್ಜಿಯ ತೀರ್ಮಾನ ಬಾಕಿ ಇರುವಾಗ ವಿದೇಶಿಯರ ಕಚೇರಿ ಕೊಡುವ ಪತ್ರ ಅದು. ಅದನ್ನು ಕೊಡಿ ಎಂದು ನಾನು ಕೇಳಿಯೇ ಇರಲಿಲ್ಲ. ತಂಗಿಯ ಧಾರೆಯನ್ನು ಅಡುಗೆಮನೆಯಲ್ಲಿ ನಿಂತು ವಾಟ್ಸಾಪ್ ವಿಡಿಯೊದಲ್ಲಿ ನೋಡಿದೆ. ಅಮ್ಮ ಫೋನನ್ನು ಮಂಟಪದ ಕಡೆ ತಿರುಗಿಸಿ ಹಿಡಿದಿದ್ದರು, ಕೈ ನಡುಗುತ್ತಿತ್ತು. ನಿಮಗೆ ಹಾಗಾಗಬಾರದು.

ಆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಮಡಚುವ ಕಾಗದ. ಒಳಗೆ ಮೂರು ಚೌಕಗಳಿರುತ್ತವೆ, ಅದರಲ್ಲಿ ಒಂದಕ್ಕೆ ಗುರುತು ಹಾಕುತ್ತಾರೆ. ಜರ್ಮನಿಯ ನಿವಾಸ ಕಾಯ್ದೆಯ ಕಲಂ 81ರ ನಾಲ್ಕನೇ ಉಪಕಲಂ ಇರುವ ಚೌಕಕ್ಕೆ ಗುರುತಿದ್ದರೆ ಊರಿಗೆ ಹೋಗಿ ವಾಪಸ್ ಬರಬಹುದು. ಮೂರನೇ ಉಪಕಲಂ ಆದರೆ ಹೊರಡಬೇಡಿ. ಕೌಂಟರ್ ಬಿಡುವ ಮೊದಲು ಬಿಚ್ಚಿ ನೋಡಿ. ಟಿಕೆಟ್ ಬುಕ್ ಮಾಡುವುದು ಆಮೇಲೆ.

ಕೆಲಸ ಸಿಕ್ಕಿತು ಅಂದುಕೊಳ್ಳಿ. ಎಲ್ಲರ ಬಾಯಲ್ಲೂ ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ಪರ್ಮಿಟ್. ಅದಕ್ಕೆ ಕನಿಷ್ಠ ಸಂಬಳದ ಮಿತಿ ಇದೆ, ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. 2025ರಲ್ಲಿ ವರ್ಷಕ್ಕೆ 48,300 ಯೂರೊ ಇತ್ತು. ಐಟಿಯಂಥ ಜನ ಸಾಲದ ಕೆಲಸಗಳಿಗೂ, ಡಿಗ್ರಿ ಪಡೆದು ಮೂರು ವರ್ಷ ದಾಟದವರಿಗೂ 43,759.80 ಯೂರೊ ಸಾಕಿತ್ತು. ಆಫರ್ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯ ಕೆಲಸ ಬಿಡಬೇಡಿ. ಸಾಮಾನ್ಯ ಸ್ಕಿಲ್ಡ್ ವರ್ಕರ್ ಪರ್ಮಿಟ್ ಇದೆ. ಇಲ್ಲೇ ಓದಿದವರು ಅದರ ಮೇಲೂ ಎರಡು ವರ್ಷ ತುಂಬಿದರೆ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. 24 ತಿಂಗಳ ಪೆನ್ಷನ್ ಕಂತು, ಬಿ1 ಮಟ್ಟದ, ಅಂದರೆ ದಿನನಿತ್ಯದ ವ್ಯವಹಾರ ನಡೆಸುವಷ್ಟು, ಜರ್ಮನ್ ಬೇಕು. ಬ್ಲೂ ಕಾರ್ಡ್ ಆದರೆ ಬಿ1 ಇದ್ದವರಿಗೆ 21 ತಿಂಗಳು, ಆರಂಭದ ಮಟ್ಟವಾದ ಎ1 ಮಾತ್ರ ಇದ್ದವರಿಗೆ 27. ಆರು ತಿಂಗಳ ವ್ಯತ್ಯಾಸ ಬರೀ ಭಾಷೆಯಿಂದ, ನೋಡಿ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ ಅಂತ ಸಂಜೆಯ ಜರ್ಮನ್ ಕ್ಲಾಸ್ ಬಿಟ್ಟವರು ಆಮೇಲೆ ಪೇಚಾಡಿದ್ದನ್ನು ಕಂಡಿದ್ದೇನೆ.

ಬ್ಲೂ ಕಾರ್ಡ್ ಸಿಕ್ಕಿ 12 ತಿಂಗಳೊಳಗೆ ಕಂಪನಿ ಬದಲಾಯಿಸಿದರೆ ಔಸ್‌ಲೆಂಡರ್‌ಬೆಹೋರ್ಡೆಗೆ, ಅಂದರೆ ವಿದೇಶಿಯರ ಕಚೇರಿಗೆ ತಿಳಿಸಲೇಬೇಕು. ಕೆಲಸ ಹೋದರೂ ತಿಳಿಸಬೇಕು. ಮುಚ್ಚಿಡಬೇಡಿ.

ಮದುವೆಯಾದವರು ಇದನ್ನೂ ತಿಳಿದಿರಿ: ಬ್ಲೂ ಕಾರ್ಡ್ ಇದ್ದವರ ಗಂಡ ಅಥವಾ ಹೆಂಡತಿ ವೀಸಾಕ್ಕೆ ಮೊದಲೇ ಜರ್ಮನ್ ಪರೀಕ್ಷೆ ಪಾಸಾಗಬೇಕಿಲ್ಲ. ಬಂದ ಮೇಲೆ ಕೆಲಸಕ್ಕೂ ಸೇರಬಹುದು. ಮದುವೆ ಸರ್ಟಿಫಿಕೇಟಿನ ಕೆಲಸ ಮಾತ್ರ ಊರಲ್ಲಿರುವಾಗಲೇ ಮುಗಿಸಿಕೊಳ್ಳಿ. ಇಬ್ಬರ ಪಾಸ್‌ಪೋರ್ಟಿನಲ್ಲೂ ಸರ್ಟಿಫಿಕೇಟಿನಲ್ಲೂ ಹೆಸರಿನ ಇನಿಶಿಯಲ್ ಒಂದೇ ಥರ ಇದೆಯಾ ಅಂತ ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆಯವರ ಫೈಲ್ ನಿಲ್ಲುವುದು ಎಷ್ಟೋ ಸಲ ಅಲ್ಲೇ.